ಇಡ್ಲಿ ತಟ್ಟೆಯಲ್ಲಿ ಸೀಸದ ಗುಂಡು

ನನ್ನ ಗಂಡ ಸೀಸದ ಗುಂಡುಗಳನ್ನು ವಿಂಗಡಿಸಲು ನನ್ನ ಇಡ್ಲಿ ತಟ್ಟೆಗಳನ್ನು ಎತ್ತಿಕೊಂಡು ಹೋದ ದಿನ, ಗುರಿ ಹೊಡೆಯುವ ಆಟದ ಮೇಲೆ ನನಗಿದ್ದ ಅಲ್ಪಸ್ವಲ್ಪ ಗೌರವವೂ ಹೊರಟುಹೋಯಿತು. ಉಡುಪಿಯಿಂದ ಅಮ್ಮ ಕೊಟ್ಟು ಕಳಿಸಿದ್ದ ಸ್ಟೀಲಿನ ಸ್ಟ್ಯಾಂಡು ಅದು. ಭಾನುವಾರ ಬೆಳಿಗ್ಗೆ, ಮಲೇಷ್ಯಾದ ಪುಚೊಂಗ್‌ನ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಹಿಟ್ಟು ಉಕ್ಕಿ ಪಾತ್ರೆಯಿಂದ ಹೊರಗೆ ಬರುತ್ತಿದೆ, ತಟ್ಟೆ ಮಾತ್ರ ನಾಪತ್ತೆ. ಕೇಳಿದರೆ, ಕ್ಲಬ್ಬಿನಲ್ಲಿದೆ ಎಂದರು, ಕೊಡೆ ಮರೆತು ಬಂದವರ ಧ್ವನಿಯಲ್ಲಿ. ಒಂದೊಂದು ಗುಳಿಯಲ್ಲಿ ಒಂದೊಂದು ತೂಕದ ಗುಂಡು ಹಾಕಿಟ್ಟರೆ ಬೆರೆತುಹೋಗುವುದಿಲ್ಲವಂತೆ. ಇಷ್ಟು ಒಳ್ಳೆಯ ವ್ಯವಸ್ಥೆಯನ್ನು ಜರ್ಮನಿಯವರೂ ಕಂಡುಹಿಡಿದಿಲ್ಲವಂತೆ.

ನಾನು ಪೆಥಾಲಜಿ ಕಲಿಸುವವಳು. ಸೀಸ ಮೈಗೆ ಸೇರಿದರೆ ರಕ್ತಕ್ಕೆ ಏನಾಗುತ್ತದೆ, ನರಗಳಿಗೆ ಏನಾಗುತ್ತದೆ ಎಂದು ಇಲ್ಲಿಯ ಮೆಡಿಕಲ್ ಕಾಲೇಜಿನ ಮಕ್ಕಳಿಗೆ ಪ್ರತಿ ವರ್ಷ ಪಾಠ ಮಾಡುತ್ತೇನೆ. ಆ ತಟ್ಟೆಯಲ್ಲಿ ಮತ್ತೆ ಇಡ್ಲಿ ಬೇಯಿಸುವ ಪ್ರಶ್ನೆಯೇ ಇರಲಿಲ್ಲ. ನೀವೇ ಇಟ್ಟುಕೊಳ್ಳಿ, ಬೇಕಾದರೆ ಅದರಲ್ಲೇ ಉಣ್ಣಿ ಎಂದೆ. ಅವರಿಗೆ ಬೇಸರವಾಗಲಿಲ್ಲ, ತಟ್ಟೆ ಕಾಯಂ ಆಗಿ ಸಿಕ್ಕಿತಲ್ಲ ಎಂದು ಮುಖ ಅರಳಿತು. ಅಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೊರಟಿದ್ದ ಮಗಳು, “ಅಪ್ಪಾ, ಇಟ್ಸ್ ಜಸ್ಟ್ ಲೆಡ್. ಇಟ್ ಡಸಂಟ್ ಕೇರ್,” ಎಂದಳು. ಅವಳಿಗೆ ನಮ್ಮ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆ ದಿನ ಅವಳ ಇಂಗ್ಲಿಷ್ ನನಗೆ ಬಹಳ ಹಿಡಿಸಿತು.

ಈ ಹುಚ್ಚು ಮಲೇಷ್ಯಾದಲ್ಲಿ ಹತ್ತಿದ್ದಲ್ಲ. ಮದುವೆಯಾದ ಹೊಸದರಲ್ಲಿ ನಾವು ಅಮೆರಿಕದಲ್ಲಿದ್ದೆವು. ನಮ್ಮವರು ಮೈಸೂರಿನ ಮೆಕ್ಯಾನಿಕಲ್ ಎಂಜಿನಿಯರು. ವಾಲ್ವು ತಯಾರಿಸುವ ಕಾರ್ಖಾನೆಯಲ್ಲಿ, ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಸೋರುತ್ತದೆ ಎಂದು ದಿನವಿಡೀ ಅಳೆಯುವ ಉದ್ಯೋಗ. ಸಹೋದ್ಯೋಗಿಯೊಬ್ಬ ಒಂದು ದಿನ ಪಿಸ್ತೂಲಿನಿಂದ ಗುರಿ ಹೊಡೆಯುವ ಮೈದಾನಕ್ಕೆ ಕರೆದುಕೊಂಡು ಹೋದ. ಬೇರೆ ಗಂಡಸರಾಗಿದ್ದರೆ ನಾಲ್ಕು ಸುತ್ತು ಹೊಡೆದು, ಬಿಯರ್ ಕುಡಿದು, ಮನೆಗೆ ಬಂದು ಮಲಗುತ್ತಿದ್ದರು. ಇವರು ಅಂಗಡಿಯ ಕಾಡತೂಸು ಒಂದರಂತೆ ಇನ್ನೊಂದಿಲ್ಲ ಎಂಬ ದೂರು ಹೊತ್ತುಕೊಂಡು ಬಂದರು. ಆಮೇಲೆ ಗ್ಯಾರೇಜಿಗೆ ಒಂದು ಒತ್ತುಯಂತ್ರ ಬಂತು, ಹಿಂದೆಯೇ ತಕ್ಕಡಿ ಬಂತು. ಖಾಲಿ ಹಿತ್ತಾಳೆ ಕವಚಗಳನ್ನು ಮೈದಾನದಲ್ಲಿ ಆಯ್ದು ತಂದು, ತೊಳೆದು, ಮತ್ತೆ ಮದ್ದು ತುಂಬಿ, ತಾವೇ ಗುಂಡು ಕೂರಿಸತೊಡಗಿದರು. ಕಾರು ಹೊರಗೆ ಹಿಮದಲ್ಲಿ ನೆನೆಯುತ್ತಿತ್ತು, ಕಾಡತೂಸುಗಳು ಒಳಗೆ ಬೆಚ್ಚಗಿದ್ದವು.

ಮದ್ದನ್ನು ಇಷ್ಟೇ ಇಷ್ಟು ಹೆಚ್ಚು ಮಾಡಿ ಐದು, ಕಡಿಮೆ ಮಾಡಿ ಐದು. ಹೊಡೆದ ಕಾಗದಗಳನ್ನು ಮನೆಗೆ ತಂದು, ಇಸ್ತ್ರಿ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುವರು. ನನ್ನ ಸೀರೆಗೆ ಒಮ್ಮೆಯೂ ಇಸ್ತ್ರಿ ಮಾಡದ ಕೈ ಅದು. ಗುಂಡು ಗುರಿಯ ಮಧ್ಯಕ್ಕೆ ಬಿದ್ದಿದೆಯೇ ಎಂದು ಅವರು ನೋಡುತ್ತಲೇ ಇರಲಿಲ್ಲ. ಐದೂ ಒಂದೇ ಕಡೆ ಬಿದ್ದಿವೆಯೇ ಎಂಬುದೊಂದೇ ಅವರ ಚಿಂತೆ. ಚದುರಿ ಬಿದ್ದಿದ್ದರೆ ಗುಂಡಿನ ತಪ್ಪು, ಇಲ್ಲವೇ ಕೈಯ ತಪ್ಪು. ಐದೂ ಒಂದೇ ತೂತಾಗಿ, ತೂತು ಮಾತ್ರ ಮೂಲೆಯಲ್ಲಿದ್ದರೆ ಗುಂಡೂ ಸರಿ, ಕೈಯೂ ಸರಿ. ಪಿಸ್ತೂಲಿನ ಮೇಲೆ ಗುರಿ ನೋಡಲು ಇರುವ ಸೈಟ್ ಸರಿದಿದೆ ಎಂದರ್ಥ, ಸ್ಕ್ರೂ ತಿರುಗಿಸಿದರಾಯಿತು. ಇದನ್ನು ನನಗೆ ಎಷ್ಟು ಸಲ ಹೇಳಿದ್ದಾರೆಂದರೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸಿಬಿಡುತ್ತೇನೆ. ಕೇಳದೆ ಇನ್ನೇನು ಮಾಡಲಿ? ನನ್ನ ಡಿಗ್ರಿ ಪೆಟ್ಟಿಗೆಯಲ್ಲಿತ್ತು, ವೀಸಾದಲ್ಲಿ ನಾನು ‘ಡಿಪೆಂಡೆಂಟ್’ ಆಗಿದ್ದೆ, ಕೆಲಸ ಮಾಡುವ ಹಾಗಿರಲಿಲ್ಲ. ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತು ತೂತುಗಳ ವ್ಯಾಖ್ಯಾನ ಕೇಳುವುದೇ ನನ್ನ ಉದ್ಯೋಗವಾಗಿತ್ತು.

ಆಮೇಲೆ ಬೆಂಗಳೂರಿಗೆ ಬಂದು ಒಂದಷ್ಟು ಕಾಲ ಇದ್ದೆವು. ಕೊನೆಗೆ ನನಗೆ ಇಲ್ಲಿ ಕೆಲಸ ಸಿಕ್ಕಿತು. ಈ ಸಲ ಪೆಟ್ಟಿಗೆ ಹಿಡಿದುಕೊಂಡು ಹಿಂದೆ ಬಂದವರು ಅವರು. ಅವರ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಪಾಸಿನ ಮೇಲೆ ಅದೇ ಪದ, ಡಿಪೆಂಡೆಂಟ್. ಕೌಂಟರಿನ ಹುಡುಗಿ ಅವರ ಬಗ್ಗೆ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ನನ್ನ ಮುಖ ನೋಡಿಯೇ ಕೇಳಿದಳು. ಅವರು ಪಕ್ಕದಲ್ಲಿ ನಿಂತು ಗೋಡೆಯ ಮೇಲಿನ ಸೂಚನೆಗಳನ್ನು ಓದುತ್ತಿದ್ದರು. ಆ ಪದ ಎಲ್ಲಿ ಚುಚ್ಚುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಕನ್ನಡಿಗರು ಸೇರಿದಲ್ಲೆಲ್ಲ ಯಾರಾದರೂ ಒಬ್ಬರು ಅವರನ್ನು, ನೀವೇನು ಮಾಡ್ಕೊಂಡಿದೀರಾ ಸಾರ್ ಎಂದು ಕೇಳುವರು. ಅವರು ತಟ್ಟೆಯಲ್ಲಿದ್ದ ಬಿಸಿಬೇಳೆಬಾತನ್ನು ಹೊಗಳುವರು.

ಈ ದೇಶದಲ್ಲಿ ಮನೆಯಲ್ಲಿ ಕಾಡತೂಸು ತಯಾರಿಸುವ ಮಾತು ಹಾಗಿರಲಿ, ಪರವಾನಗಿಯಿಲ್ಲದೆ ಒಂದೇ ಒಂದು ಕಾಡತೂಸು ಸಿಕ್ಕರೂ ನೇರ ಜೈಲು. ಒತ್ತುಯಂತ್ರವನ್ನು ಅಮೆರಿಕ ಬಿಡುವಾಗಲೇ ಮಾರಿದ್ದರು. ಆ ಪೀಡೆ ಅಲ್ಲಿಗೇ ಬಿಟ್ಟಿತು ಎಂದು ನಾನು ನಂಬಿದ್ದೆ. ಆದರೆ ಸುಬಾಂಗ್ ಜಯಾದ ಆಚೆ ಒಂದು ಕ್ಲಬ್ಬಿತ್ತು. ಅಲ್ಲಿ ಮದ್ದಿಲ್ಲದ, ಗಾಳಿಯ ಒತ್ತಡದಿಂದ ಹೊಡೆಯುವ ಪಿಸ್ತೂಲುಗಳಿದ್ದವು. ಹತ್ತು ಮೀಟರ್ ದೂರದಲ್ಲಿ ಅಂಗೈಯಗಲದ ಕಾಗದ. ಪಿಸ್ತೂಲು ಬೀಗ ಹಾಕಿದ ಕೋಣೆಯಲ್ಲೇ ಇರಬೇಕು, ಗುಂಡೂ ಕ್ಲಬ್ಬಿನಿಂದ ಹೊರಗೆ ಹೋಗಬಾರದು ಎಂಬುದು ಅವರ ನಿಯಮ. ಸದ್ಯ, ಮನೆಗೆ ಬರುವುದಿಲ್ಲವಲ್ಲ ಎಂದು ನಿಟ್ಟುಸಿರು ಬಿಟ್ಟೆ. ಗುಂಡು ಮನೆಗೆ ಬರದಿದ್ದರೆ ಮನೆಯ ಸಾಮಾನೇ ಗುಂಡಿನ ಬಳಿಗೆ ಹೋದೀತು ಎಂದು ನನಗೆ ಹೊಳೆಯಲಿಲ್ಲ.

ಆ ಗುಂಡನ್ನು ನೋಡಿದರೆ ನಗು ಬರುತ್ತದೆ. ಬುಡುಬುಡಿಕೆಯ ಆಕಾರ, ಹೆಸರುಕಾಳಿನಷ್ಟು ಗಾತ್ರ. ಡಬ್ಬಿಯಲ್ಲಿ ನೂರಾರು ಇರುತ್ತವೆ. ಇದಕ್ಕೆ ಮದ್ದು ತುಂಬಿಸುವಂತಿಲ್ಲ, ಕವಚ ತೊಳೆಯುವಂತಿಲ್ಲ, ಮಾಡುವುದಕ್ಕೆ ಕೆಲಸವೇ ಇಲ್ಲ. ಕೆಲಸವಿಲ್ಲದ ಕಡೆ ಕೆಲಸ ಹುಟ್ಟಿಸುವುದರಲ್ಲಿ ನಮ್ಮವರು ನಿಸ್ಸೀಮರು. ಶನಿವಾರ ಬೆಳಿಗ್ಗೆ ಕ್ಲಬ್ಬಿನ ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ಕೂರುವರು. ಒಡವೆ ತೂಗುವ ತಕ್ಕಡಿ, ನನ್ನ ಪ್ರಯೋಗಾಲಯದಿಂದ ಬೇಡಿ ತಂದ ಚಿಮಟ, ಭೂತಗನ್ನಡಿ. ಮೊದಲು ಗುಂಡುಗಳನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ಅದ್ದಿ ತೊಳೆಯುವುದು, ಹಳೆಯ ಪಂಚೆಯ ಮೇಲೆ ಹರವಿ ಫ್ಯಾನಿನಡಿ ಒಣಗಿಸುವುದು. ಆಮೇಲೆ ಒಂದೊಂದನ್ನೇ ಎತ್ತಿ, ಅಂಚು ನೆಗ್ಗಿದೆಯೇ ನೋಡಿ, ತೂಗಿ, ಇಡ್ಲಿ ತಟ್ಟೆಯ ಗುಳಿಗೆ ಹಾಕುವುದು. ಕೊನೆಗೆ ಒಂದು ತೊಟ್ಟು ಎಣ್ಣೆ ಸವರಿ ಡಬ್ಬಿಗೆ ತುಂಬುವುದು. ಅಪ್ಪಿತಪ್ಪಿ ಯಾರಾದರೂ ಮೇಜಿಗೆ ಮೊಣಕೈ ತಗಲಿಸಿದರೆ ಆ ನೋಟ ನೋಡಬೇಕಿತ್ತು. ಕೂಸಿಗೆ ಎಣ್ಣೆ ಹಚ್ಚಿ ನೀರೆರೆದ ಹಾಗೆ ಎಂದು ನಾನು ಹಂಗಿಸುತ್ತಿದ್ದೆ. ನಮ್ಮ ಮಗಳಿಗೆ ಅವರು ನೀರೆರೆದ ನೆನಪು ನನಗಿಲ್ಲ.

ಒಬ್ಬರು ಹುಚ್ಚರಿದ್ದರೆ ಭಕ್ತರು ತಾವಾಗಿಯೇ ಸೇರುತ್ತಾರೆ. ಮಾಂಟ್ ಕಿಯಾರಾದಲ್ಲಿರುವ ಬೆಂಗಳೂರಿನ ಸಾಫ್ಟ್‌ವೇರ್ ಮ್ಯಾನೇಜರೊಬ್ಬರು ಈ ಮೇಜಿಗೆ ಬಂದು ಅಂಟಿಕೊಂಡರು. ಅವರ ಪಿಸ್ತೂಲು ಆ ಕ್ಲಬ್ಬಿನಲ್ಲೇ ದುಬಾರಿ. ಅದನ್ನು ಒರೆಸುವಷ್ಟು ಸಲ ಅವರು ಹೊಡೆದಿದ್ದರೆ ಮಲೇಷ್ಯಾ ತಂಡಕ್ಕೇ ಆಯ್ಕೆಯಾಗಿರುತ್ತಿದ್ದರು. ತೇ ತಾರಿಕ್ ಚಹಾ ತರಿಸಿಕೊಂಡು, ನಮ್ಮವರು ತೂಗುವುದನ್ನು ಹೋಮದ ಮುಂದೆ ಕೂತವರ ಹಾಗೆ ನೋಡುವರು. ಈ ಬ್ಯಾಚಿನ ಗುಂಡು ಹೇಗೆ, ಆ ಬ್ಯಾಚಿನದು ಹೇಗೆ ಎಂದು ಇಬ್ಬರೂ ಮಾತಿಗೆ ಕೂತರೆ ಹೊಡೆಯುವ ಸಮಯ ಮುಗಿದೇ ಹೋಗುತ್ತಿತ್ತು.

ಒಂದು ಶನಿವಾರ ಪಿಸ್ತೂಲನ್ನು ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು, ಕೈ ಸೋಕದ ಹಾಗೆ, ಬೇರೆ ಬೇರೆ ಗುಳಿಯ ಗುಂಡುಗಳನ್ನು ಪರೀಕ್ಷಿಸಿದರು. ಎಲ್ಲ ಗುಳಿಯ ಗುಂಡುಗಳೂ ಒಂದೇ ತೂತಿಗೆ ಬಿದ್ದವು. ತೂಗದೆ ಬಿಟ್ಟವು ಕೂಡ ಹೆಚ್ಚುಕಡಿಮೆ ಅಲ್ಲೇ ಬಿದ್ದವು. ನಮ್ಮವರು ತೂಗಿದ ಗುಂಡಿನ ಕಾಗದಗಳನ್ನಷ್ಟೇ ಇಸ್ತ್ರಿ ಮಾಡಿ ಇಟ್ಟುಕೊಂಡರು. ಹಾಗಾದರೆ ಇನ್ನು ಬಿಗಿಯಬೇಕಾದ್ದು ನಿಮ್ಮನ್ನು ಎಂದೆ. ಮಾಂಟ್ ಕಿಯಾರಾದವರು ಜೋರಾಗಿ ನಕ್ಕರು. ನಮ್ಮವರು ಸ್ವಲ್ಪವೇ ನಕ್ಕರು. ಸತ್ಯ ಏನೆಂದರೆ ತಟ್ಟೆ ಬಂದ ಮೇಲೂ, ಬರುವ ಮುಂಚೆಯೂ ಅವರು ಗಳಿಸುತ್ತಿದ್ದ ಅಂಕ ಒಂದೇ. ಕೆಟ್ಟದ್ದಲ್ಲ, ಒಳ್ಳೆಯದೂ ಅಲ್ಲ. ಅದನ್ನು ಬಾಯಿಬಿಟ್ಟು ಹೇಳುವವರು ಕ್ಲಬ್ಬಿನಲ್ಲಿ ನಾನೊಬ್ಬಳೇ ಇದ್ದೆ.

ನಾನು ಪಿಸ್ತೂಲು ಹಿಡಿದದ್ದು ಬರೀ ಬೇಸರಕ್ಕೆ. ಕಾರು ನನ್ನದು, ಅವರನ್ನು ಬಿಟ್ಟು ಮತ್ತೆ ಪುಚೊಂಗ್‌ಗೆ ಹೋಗಿ ಬರುವುದು ತಲೆನೋವು, ಕ್ಯಾಂಟೀನಿನಲ್ಲಿ ಎಷ್ಟೆಂದು ಕೂರುವುದು? ಕ್ಲಬ್ಬಿನ ಕಾರ್ಯದರ್ಶಿ ಒಬ್ಬ ಮಲಯ್ ಹಿರಿಯರು, ನಿವೃತ್ತ ಮೇಷ್ಟ್ರು, ಬಹಳ ಸಂಭಾವಿತರು. ಅವರೇ ಒಂದು ದಿನ ಕ್ಲಬ್ಬಿನ ಹಳೆಯ ಪಿಸ್ತೂಲನ್ನು ಕೊಟ್ಟು ನಿಲ್ಲುವುದನ್ನು ಹೇಳಿಕೊಟ್ಟರು. ಎಲ್ಲರೂ ಕೈ ಹಾಕಿ ಕೆದಕಿದ, ನೆಗ್ಗಿದ ಕ್ಲಬ್ಬಿನ ಡಬ್ಬಿಯ ಗುಂಡನ್ನೇ ನಾನು ಹೊಡೆಯುತ್ತಿದ್ದೆ. ನನಗೆ ಇದರಲ್ಲಿ ಭಕ್ತಿಯಿರಲಿಲ್ಲ, ಆದ್ದರಿಂದ ಭಯವೂ ಇರಲಿಲ್ಲ. ಕೈ ಎತ್ತುವುದು, ನೋಡುವುದು, ಬೆರಳು ಒತ್ತುವುದು, ಅಷ್ಟೇ. ಕೆಲವು ತಿಂಗಳಲ್ಲಿ ನನ್ನ ಅಂಕ ನಮ್ಮವರದಕ್ಕಿಂತ ಮೇಲೆ ಹೋಯಿತು. ಅವರು ನನ್ನ ಕಾಗದಗಳನ್ನೂ ಎತ್ತಿಟ್ಟುಕೊಂಡು, ಒಳ್ಳೆಯ ಗುಂಡು ಸಿಕ್ಕರೆ ನೀನು ಇನ್ನೂ ಎಲ್ಲಿಗೋ ಹೋಗುತ್ತೀಯ ಎಂದರು. ಹೊಟ್ಟೆಕಿಚ್ಚು ಅವರ ಜಾಯಮಾನದಲ್ಲೇ ಇಲ್ಲ. ಅದೊಂದು ನನಗೆ ಇನ್ನೂ ಸಿಟ್ಟು ಬರಿಸುತ್ತಿತ್ತು.

ಕ್ಲಬ್ಬಿನ ಪಡಸಾಲೆಯಲ್ಲಿ ಒಂದು ಮರದ ಹಲಗೆಯಿದೆ. ಅಂತರ ಕ್ಲಬ್ ಪಂದ್ಯಕ್ಕೆ ಹೋಗುವ ಮೂವರ ಹೆಸರನ್ನು ವರ್ಷ ವರ್ಷ ಅದರ ಮೇಲೆ ಬಂಗಾರದ ಬಣ್ಣದಲ್ಲಿ ಬರೆಯುತ್ತಾರೆ. ಇಬ್ಬರು ಕಾಯಂ. ಮೂರನೆಯವರು ಪೆನಾಂಗಿಗೆ ವರ್ಗವಾಗಿ ಹೋದರು. ಆ ಜಾಗ ತೆರವಾಯಿತು ಎಂದು ಗೊತ್ತಾದ ದಿನದಿಂದ ನಮ್ಮವರ ನಡಿಗೆಯೇ ಬದಲಾಯಿತು. ಕ್ಲಬ್ಬಿಗೆ ಹೋದಾಗಲೆಲ್ಲ ಆ ಹಲಗೆಯ ಮುಂದೆ ಒಂದು ಗಳಿಗೆ ನಿಲ್ಲುವರು. ಒಮ್ಮೆ ಕಾರಿನಲ್ಲಿ ಬರುವಾಗ, ಆ ಹಲಗೆಯ ಮೇಲೆ ಹೆಸರಿನ ಪಕ್ಕ ಬೇರೇನೂ ಬರೆಯುವುದಿಲ್ಲ, ಬರೀ ಹೆಸರು, ನೋಡಿದ್ದೀಯಾ ಎಂದು ಕೇಳಿದರು. ನೋಡಿಲ್ಲ ಎಂದೆ. ನೋಡಿದ್ದೆ. ಯಾರ ಗಂಡ, ಯಾವ ಕಂಪನಿ, ಏನು ಕೆಲಸ, ಯಾವುದೂ ಇಲ್ಲದ ಹಲಗೆ ಅದು. ಈ ಊರಿನಲ್ಲಿ ಅವರ ಹೆಸರು ಅವರದ್ದೇ ಆಗಿ ನಿಲ್ಲಬಹುದಾಗಿದ್ದ ಜಾಗ ಅದೊಂದೇ.

ಆಯ್ಕೆಗೆ ಇದ್ದವರು ನಾವಿಬ್ಬರೇ, ಗಂಡ ಮತ್ತು ಹೆಂಡತಿ. ಮಾಂಟ್ ಕಿಯಾರಾದವರು ಬೆನ್ನುನೋವೆಂದು ಹಿಂದೆ ಸರಿದಿದ್ದರು. ನನಗೆ ಬೇಡ ಎಂದೆ. ನಮ್ಮವರು ಒಪ್ಪಲಿಲ್ಲ, ಎದುರಿಗೆ ಯಾರೂ ಇಲ್ಲದೆ ಗೆದ್ದರೆ ಅದು ಗೆಲುವೇ ಎಂದರು. ಆಮೇಲೆ ವಾರಗಟ್ಟಲೆ ಕೂತು, ಆ ದಿನಕ್ಕಾಗಿ ಒಂದು ಡಬ್ಬಿ ಸಿದ್ಧಮಾಡಿದರು. ಒಂದೇ ಗುಳಿಯ ಗುಂಡುಗಳು, ಅದರಲ್ಲೂ ಆಯ್ದವು, ಅದರಲ್ಲೂ ಭೂತಗನ್ನಡಿಯಲ್ಲಿ ಪಾಸಾದವು. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗ ಇದರ ಅರ್ಧದಷ್ಟೂ ನೋಡಿರಲಿಲ್ಲ. ಈ ಡಬ್ಬಿ ಮುಗಿಯುವ ಹೊತ್ತಿಗೆ ಗೊತ್ತಾಗುತ್ತದೆ ಎಂದರು. ಏನು ಗೊತ್ತಾಗುತ್ತದೆ ಎಂದು ಹೇಳಲಿಲ್ಲ.

ಆಯ್ಕೆಯ ಹಿಂದಿನ ದಿನ ಆಯುಧಪೂಜೆ. ಪಿಸ್ತೂಲಿದ್ದ ಮೇಲೆ ಪೂಜೆ ಮಾಡದೆ ಇರುವುದು ಹೇಗೆ ಎಂದು ಮಾಂಟ್ ಕಿಯಾರಾದವರು ಕಾರ್ಯದರ್ಶಿಯವರನ್ನು ಕೇಳಿ ಒಪ್ಪಿಗೆ ಪಡೆದಿದ್ದರು. ಕಾರ್ಯದರ್ಶಿ, ಮೇಜಿನ ಮೇಲೆ ಪೇಪರ್ ಹಾಸಿಕೊಳ್ಳಿ, ಬೆಂಕಿ ಹಚ್ಚಬೇಡಿ ಎಂದಷ್ಟೇ ಹೇಳಿ ಮರ್ಯಾದೆಯಿಂದ ದೂರ ನಿಂತರು. ಕ್ಯಾಂಟೀನಿನ ಮೇಜಿನ ಮೇಲೆ ಪಿಸ್ತೂಲುಗಳು, ಚೆಂಡುಹೂವು, ನಿಂಬೆಹಣ್ಣು, ಊದಿನಕಡ್ಡಿ ಇಲ್ಲದ ಊದಿನಕಡ್ಡಿ ಸ್ಟ್ಯಾಂಡು. ನಮ್ಮವರು ತಮ್ಮ ಡಬ್ಬಿಯನ್ನೂ ತಂದು ಪಿಸ್ತೂಲಿನ ಪಕ್ಕ ಇಟ್ಟರು. ಮಾಂಟ್ ಕಿಯಾರಾದವರು ಶರಟಿನ ಮೇಲೆ ಶಲ್ಯ ಹೊದ್ದು ಪುರೋಹಿತರಾದರು. ಅರ್ಧ ಮಂತ್ರ ಬಾಯಿಂದ, ಅರ್ಧ ಮೊಬೈಲಿನಿಂದ. ನಮ್ಮವರು ನಿಂಬೆಹಣ್ಣು ಕುಯ್ಯಲು ಚಾಕು ಕೇಳಲೆಂದು ಒಳಗೆ ಹೋದರು.

ನಾನು ಅಲ್ಲೇ ನಿಂತಿದ್ದೆ. ಮಾಂಟ್ ಕಿಯಾರಾದವರು ಡಬ್ಬಿಯ ಮುಚ್ಚಳಕ್ಕೆ ಕುಂಕುಮ ಇಟ್ಟರು. ಅಷ್ಟಕ್ಕೆ ಸಮಾಧಾನವಾಗಲಿಲ್ಲ. “ಮುಚ್ಚಿದ ಡಬ್ಬಿಗೆ ಪೂಜೆ ಮಾಡಿದ್ರೆ ಒಳಗಿರೋ ಗುಂಡಿಗೆ ತಲುಪುತ್ತಾ ಮೇಡಂ?” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮುಚ್ಚಳ ತೆಗೆದು, ಅರಿಶಿನ, ಕುಂಕುಮ, ಅಕ್ಷತೆಯನ್ನು ಮುಷ್ಟಿ ತುಂಬ ಸುರಿದು, ಮೇಲೆ ತೀರ್ಥವನ್ನೂ ಪ್ರೋಕ್ಷಿಸಿ, ಕೈಮುಗಿದರು. ಪಾಯಸಕ್ಕೆ ದ್ರಾಕ್ಷಿ ಗೋಡಂಬಿ ಹಾಕಿದಷ್ಟು ಧಾರಾಳವಾಗಿ. ಎಣ್ಣೆ ಸವರಿದ ಗುಂಡಿಗೆ ಕುಂಕುಮ ಸೇರಿದರೆ ಏನಾಗುತ್ತದೋ ಅದೇ ಆಯಿತು, ಕೆಂಪು ಕೆಸರು.

ಚಾಕು ಹಿಡಿದುಕೊಂಡು ಬಂದ ನಮ್ಮವರು ಡಬ್ಬಿಯೊಳಗೆ ನೋಡಿದರು. ಬೈಯಲಿಲ್ಲ. ಚಿಮಟದಿಂದ ಒಂದು ಗುಂಡನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಮತ್ತೆ ಒಳಗೆ ಹಾಕಿದರು. ತೊಳೆದು ಒಣಗಿಸಿ ಎಣ್ಣೆ ಹಾಕಲು ಸಮಯವಿರಲಿಲ್ಲ, ಪೂಜೆ ಮುಗಿಯುತ್ತಲೇ ಕ್ಲಬ್ ಮುಚ್ಚುವುದಿತ್ತು, ಮನೆಗೆ ಒಯ್ಯುವ ಹಾಗಿಲ್ಲ. ಮಾಂಟ್ ಕಿಯಾರಾದವರು, ದೇವರ ದಯೆ ಇದ್ದ ಮೇಲೆ ತೂಕ ಯಾಕೆ ಸಾರ್ ಎಂದು ಸಮಾಧಾನ ಹೇಳಿದರು. ಅವರ ಪುಣ್ಯ, ನಿಂಬೆಹಣ್ಣಿನ ಚಾಕು ನನ್ನ ಕೈಯಲ್ಲಿರಲಿಲ್ಲ. ಕಾರಿನಲ್ಲಿ ನಾನೇ ಮಾತು ತೆಗೆದೆ. “ಎಂತ ಆಗ್ಲಿಕ್ಕುಂಟು ಮಾರಾಯ್ರೆ? ನಾನು ಕ್ಲಬ್ಬಿನ ಡಬ್ಬಿಯಿಂದಲೇ ಹೊಡೀತೇನಲ್ಲ, ನೀವೂ ಹೊಡೀರಿ.” ಅವರು ಹೂಂ ಎಂದರು. ದಾರಿಯುದ್ದಕ್ಕೂ ಬೆರಳಿಗೆ ಹತ್ತಿದ ಕುಂಕುಮವನ್ನು ಕರವಸ್ತ್ರದಿಂದ ಒರೆಸಿಕೊಳ್ಳುತ್ತಿದ್ದರು.

ಮರುದಿನ ಮೊದಲು ಹೊಡೆದವರು ನಮ್ಮವರು. ಕ್ಲಬ್ಬಿನ ನೆಗ್ಗಿದ ಡಬ್ಬಿಯಿಂದ ಒಂದೊಂದು ಗುಂಡನ್ನೂ ಎತ್ತಿ ಬೆಳಕಿಗೆ ಹಿಡಿದು, ಬೇಡವೆಂದು ಪಕ್ಕಕ್ಕಿಟ್ಟು, ಇನ್ನೊಂದನ್ನು ಎತ್ತಿ, ಕೊಟ್ಟ ಸಮಯವನ್ನೆಲ್ಲ ಮುಗಿಸಿದರು. ಕಾರ್ಯದರ್ಶಿ ಕಾಗದಗಳನ್ನು ಎಣಿಸಿ ಅಂಕವನ್ನು ಗೋಡೆಯ ಬಿಳಿ ಫಲಕದ ಮೇಲೆ ಬರೆದರು. ನಾನು ಓದಿದೆ. ಅವರು ಯಾವಾಗಲೂ ಗಳಿಸುವ ಅಂಕವೇ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹೆಚ್ಚಾಗಿದ್ದರೆ ನಗಬಹುದಿತ್ತು, ಕಡಿಮೆಯಾಗಿದ್ದರೆ ಕುಂಕುಮವನ್ನು ಬೈಯಬಹುದಿತ್ತು. ಅವರು ಹಿಂದಿನ ಬೆಂಚಿನ ಮೇಲೆ ಹೋಗಿ ಕೂತರು.

ಆಮೇಲೆ ನನ್ನ ಸರದಿ. ಒಂದೊಂದು ಕಾಗದಕ್ಕೆ ಐದು ಗುಂಡು. ಹೊಡೆದ ಹಾಗೆ ಕಾಗದಗಳು ಹಗ್ಗದ ಮೇಲೆ ಓಡಿ ಬರುತ್ತಿದ್ದವು. ಕೊನೆಯ ಕಾಗದ ಉಳಿದಾಗ ಲೆಕ್ಕ ಹಾಕಲು ಕಾಗದ ಪೆನ್ಸಿಲ್ ಬೇಕಿರಲಿಲ್ಲ. ಸುಮ್ಮನೆ ಹೊಡೆದರೂ ಜಾಗ ನನ್ನದೇ ಆಗಿತ್ತು. ಹೊಸ ಕಾಗದ ಸಿಕ್ಕಿಸುವಾಗ ಹಿಂದಿರುಗಿ ನೋಡಿದೆ. ನಮ್ಮವರು ಇಡ್ಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಖಾಲಿ ಮಾಡಿ ತೊಳೆದಿದ್ದರು, ಬಹುಶಃ ನನಗೆ ವಾಪಸು ಕೊಡಲು. ನನ್ನನ್ನು ನೋಡುತ್ತಿರಲಿಲ್ಲ. ತೆರೆದ ಬಾಗಿಲಿನಾಚೆ ಪಡಸಾಲೆಯ ಹಲಗೆಯನ್ನು ನೋಡುತ್ತಿದ್ದರು.

ನನಗೆ ಬಂದದ್ದು ಕನಿಕರವೆಂದು ಹೇಳಿದರೆ ಚೆನ್ನಾಗಿರುತ್ತದೆ. ಬಂದದ್ದು ಸಿಟ್ಟು. ಆ ತಟ್ಟೆಯ ಮೇಲೆ ಸಿಟ್ಟು, ಆ ಶಲ್ಯದ ಪುರೋಹಿತರ ಮೇಲೆ ಸಿಟ್ಟು, ಒಂದು ಹಲಗೆ ಮತ್ತು ಒಂದು ಡಬ್ಬಿ ಬಣ್ಣಕ್ಕೆ ಒಬ್ಬ ಓದಿದ ಗಂಡಸಿನ ಜೀವ ಇಷ್ಟು ತೂಗಾಡಬೇಕೇ ಎಂಬ ಸಿಟ್ಟು. ತಗೊಳ್ಳಿ ಹಾಗಾದರೆ ಎಂದುಕೊಂಡೆ. ಕಾಗದದ ಎಡಗಡೆಯ ಕೆಳಮೂಲೆಗೆ, ಕಪ್ಪು ವೃತ್ತದಿಂದ ದೂರದ ಬಿಳಿಗೆ ಗುರಿಯಿಟ್ಟು, ಬೇಕೆಂದೇ, ಐದೂ ಗುಂಡುಗಳನ್ನು ಹೊಡೆದೆ. ತಪ್ಪು ಹೊಡೆಯುವುದು ಇಷ್ಟು ಸುಲಭವೇ ಎನ್ನಿಸಿತು.

ಕಾರ್ಯದರ್ಶಿ ಕಾಗದ ನೋಡಿ ಹುಬ್ಬು ಗಂಟಿಕ್ಕಿ, “ಬ್ಯಾಡ್ ಲಕ್ ಲಾ, ಡಾಕ್ಟರ್. ಯು ಗಾಟ್ ಟಯರ್ಡ್,” ಎಂದು ನನಗೆ ಕುರ್ಚಿ ಎಳೆದುಕೊಟ್ಟರು. ಅವರು ಎಣಿಸಿದ್ದು ಅಂಕವನ್ನಷ್ಟೇ. ಮೂರನೆಯ ಹೆಸರು ನಮ್ಮವರದು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಮಾಂಟ್ ಕಿಯಾರಾದವರು ಓಡಿ ಬಂದು ನಮ್ಮವರನ್ನು ತಬ್ಬಿಕೊಂಡು, ನನ್ನತ್ತ ತಿರುಗಿ, ಪೂಜೆ ವರ್ಕ್ ಆಯ್ತು ನೋಡಿ ಮೇಡಂ ಎಂದರು. ನಮ್ಮವರ ಮುಖದಲ್ಲಿ ನಾನು ಎಷ್ಟೋ ವರ್ಷಗಳಿಂದ ನೋಡದಿದ್ದ ಒಂದು ನಗೆ ಬಂತು. ದಾರಿಯಲ್ಲಿ ಮಾಮಕ್ ಅಂಗಡಿಯಲ್ಲಿ ರೊಟ್ಟಿ ಕಾನಾಯ್ ತಿನ್ನೋಣ, ಮಗ್ಳಿಗೆ ತಪಾವ್ ಕಟ್ಟಿಸ್ಕೊಂಡು ಹೋಗೋಣ ಎಂದರು. ನಾನು ಕಾರು ತರಲು ಹೋದೆ. ಅವರು ಎಂದಿನಂತೆ ಹೊಡೆದ ಕಾಗದಗಳನ್ನು ಆಯ್ದುಕೊಳ್ಳಲು ನಿಂತರು, ತಮ್ಮದನ್ನೂ, ನನ್ನದನ್ನೂ.

ಬಹಳ ಹೊತ್ತಾದರೂ ಬರಲಿಲ್ಲ. ಎಸಿ ಹಾಕಿಕೊಂಡು ಕಾದೆ. ಬಂದವರು ಕಾರಿನ ಬಾಗಿಲು ತೆಗೆದು ಕೂತರು, ಬೆಲ್ಟ್ ಹಾಕಿಕೊಳ್ಳಲಿಲ್ಲ. ಕೈಯಲ್ಲಿ ನನ್ನ ಕೊನೆಯ ಕಾಗದ ಒಂದೇ ಇತ್ತು. ಗಾಜಿನ ಬೆಳಕಿಗೆ ಅದನ್ನು ಹಿಡಿದರು. ಆಗ ನಾನೂ ಅದನ್ನು ನೋಡಿದೆ. ಮೂಲೆಯಲ್ಲಿ ಐದೂ ಗುಂಡು ಒಂದರ ಮೇಲೊಂದು ಬಿದ್ದು, ಹುಣಸೆಬೀಜದಷ್ಟು ಒಂದೇ ತೂತಾಗಿತ್ತು. ನನ್ನ ಜೀವಮಾನದಲ್ಲೇ ನಾನು ಹೊಡೆದ ಅತಿ ಅಚ್ಚುಕಟ್ಟಾದ ಗುಂಪು. ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತು ಕೇಳಿದ ಪಾಠವೆಲ್ಲ ನನಗೆ ಒಮ್ಮೆಲೇ ನೆನಪಾಯಿತು.

“ಗನ್ ರೂಮಿಗೆ ಹೋಗಿ ನಿನ್ ಪಿಸ್ತೂಲ್ ನೋಡ್ದೆ ಕಣೇ,” ಎಂದರು. “ಸೈಟ್ ಒಂಚೂರೂ ಸರಿದಿಲ್ಲ.”

ನಾನು ಸುಸ್ತಾಗಿತ್ತು ಎಂದೆ, ಕೈ ಸೋತಿತ್ತು ಎಂದೆ. ಅವರು ತಲೆಯಾಡಿಸಿದರು.

“ಕೈ ಸೋತ್ರೆ ಚದುರುತ್ತೆ. ಇಷ್ಟು ಚೆನ್ನಾಗಿ ಯಾರೂ ತಪ್ಪಲ್ಲ.”

ಕಾಗದವನ್ನು ಮಡಚಿ ನನ್ನ ಮಡಿಲಿಗೆ ಹಾಕಿದರು. ಅವರು ಧ್ವನಿ ಏರಿಸುವವರಲ್ಲ, ಆಗಲೂ ಏರಿಸಲಿಲ್ಲ.

“ಪಾಸ್ ಮೇಲೆ ಡಿಪೆಂಡೆಂಟ್ ಅಂತ ಬರ್ದಿರೋದು ಸಾಲ್ದಾ ನಿಂಗೆ? ಬೋರ್ಡ್ ಮೇಲೂ ಬರೀಬೇಕಿತ್ತಾ?”

ಇಳಿದು ಮತ್ತೆ ಕ್ಲಬ್ಬಿನೊಳಗೆ ಹೋದರು. ಕಾರ್ಯದರ್ಶಿಗೆ ಏನು ಹೇಳಿದರೋ ಗೊತ್ತಿಲ್ಲ. ನಾನು ಸ್ಟಿಯರಿಂಗ್ ಹಿಡಿದುಕೊಂಡು ಕೂತಿದ್ದೆ. ಅಮೆರಿಕದಿಂದ ಇಲ್ಲಿಯವರೆಗೆ ನಾನು ನಕ್ಕದ್ದು ಅವರ ತೂತು ನೋಡುವ ವಿದ್ಯೆಯ ಮೇಲೆ. ಆ ವಿದ್ಯೆ ಒಮ್ಮೆಯೂ ಅವರ ಅಂಕವನ್ನು ಏರಿಸಲಿಲ್ಲ, ನಿಜ. ನನ್ನನ್ನು ಹಿಡಿಯಲು ಮಾತ್ರ ಸಾಕಾಯಿತು. ಆ ದಿನ ಮಾಮಕ್ ಅಂಗಡಿಗೆ ಹೋಗಲಿಲ್ಲ. ಮಗಳು ತನ್ನ ಪಾಲಿನ ಊಟ ಹುಡುಕುತ್ತ, ವೇರ್ಸ್ ಮೈ ಮಕಾನ್ ಎಂದು ಕೇಳಿದಾಗ ಇಬ್ಬರೂ ಒಟ್ಟಿಗೆ ಅಡುಗೆಮನೆಗೆ ಎದ್ದೆವು.

ಹಲಗೆಯ ಮೇಲೆ ಈಗ ನನ್ನ ಹೆಸರಿದೆ. ಪಂದ್ಯದಲ್ಲಿ ನಾವು ಗೆಲ್ಲಲಿಲ್ಲ. ಮಾಂಟ್ ಕಿಯಾರಾದವರು ಅದಕ್ಕೂ ಒಂದು ಗ್ರಹದೋಷ ಹುಡುಕಿಕೊಟ್ಟರು. ನಮ್ಮವರು ಶನಿವಾರಗಳಲ್ಲಿ ಮತ್ತೆ ಅದೇ ಮೇಜಿನ ಮುಂದೆ ಕೂರುತ್ತಾರೆ. ಒಡವೆಯ ತಕ್ಕಡಿ, ಚಿಮಟ, ನನ್ನ ಇಡ್ಲಿ ತಟ್ಟೆ. ತೂಗುವುದು ಈಗ ನನಗಾಗಿ. ನನ್ನ ಅಂಕದಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗಿಲ್ಲ ಎಂದು ನಾನು ಮುಖದ ಮೇಲೆ ಹೇಳುತ್ತೇನೆ, ಇದೆಲ್ಲ ಶುದ್ಧ ದಂಡ ಎನ್ನುತ್ತೇನೆ. ಮುಂದಿನ ಬ್ಯಾಚ್ ಬರಲಿ ಎನ್ನುತ್ತಾರೆ.

ಆದರೆ ನಾನು ಹೊಡೆದ ಕಾಗದಗಳನ್ನು ಅವರು ಒಂದನ್ನೂ ಬಿಡುವುದಿಲ್ಲ. ಚೆನ್ನಾಗಿ ಹೊಡೆದದ್ದನ್ನು ಹಾಗೆಯೇ ಪಕ್ಕಕ್ಕಿಡುತ್ತಾರೆ. ಕೆಟ್ಟದಾಗಿ ಹೊಡೆದದ್ದನ್ನು ಮಾತ್ರ ಕಿಟಕಿಯ ಹತ್ತಿರ ಒಯ್ದು, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡುತ್ತಾರೆ. ಗುಂಡುಗಳು ಚದುರಿ ಬಿದ್ದಿದ್ದರೆ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು, ನಡಿ ಮನೆಗೆ ಹೋಗೋಣ ಎನ್ನುತ್ತಾರೆ.